ಹೆಗಲಿಗೆ ತಕ್ಕ ಮದ್ದು

ಭದ್ರಾವತಿಯ ಕಾರ್ಖಾನೆಯಲ್ಲಿ ಟರ್ನರ್ ಆಗಿ ರಿಟೈರಾದ ಅವರು ನನಗೆ ಪರಿಚಯವಾದದ್ದು ಊರಾಚೆಯ ರೈಫಲ್ ಕ್ಲಬ್ಬಿನಲ್ಲಿ. ಜೊತೆಗೆ ಹೆಂಡತಿಯೂ ಬರುತ್ತಿದ್ದರು. ಆಕೆಯ ತಂದೆ ಶಿಕಾರಿಗೆ ಒಯ್ಯುತ್ತಿದ್ದ ದೊಡ್ಡ ಮ್ಯಾಗ್ನಮ್ ರೈಫಲ್ಲಿಗೆ ಈಗ ಉಳಿದಿದ್ದು ಕಾಗದದ ಗುರಿ ಮಾತ್ರ. ಆದರೂ ಅದು ಹಾರಿಸಿದವರ ಹೆಗಲಿಗೆ ಕತ್ತೆಯ ಹಾಗೆ ಒದೆಯುತ್ತಿತ್ತು. ಅದಕ್ಕೇ ಅವರು ಹೆಂಡತಿಗಾಗಿ ಮದ್ದು ಕಡಿಮೆ ಹಾಕಿ ತೋಟಾಗಳನ್ನು ಮನೆಯಲ್ಲೇ ತುಂಬುತ್ತಿದ್ದರು. ಪ್ರತಿ ಸಲವೂ ಮೊದಲನೆಯದನ್ನು ಅಂಗಿ ಬಿಚ್ಚಿ, ಬರಿ ಹೆಗಲಿಗೆ ರೈಫಲ್ ಒತ್ತಿ, ತಾವೇ ಹಾರಿಸಿ ನೋಡುತ್ತಿದ್ದರು. ಆಮೇಲೆ ಆಕೆಯತ್ತ ತಿರುಗಿ, "ಹೊಡಿ, ನೋವಾಗಲ್ಲ" ಅನ್ನುತ್ತಿದ್ದರು.

"ನಿಮ್ಮ ಹೆಗಲೇನು ಕಬ್ಬಿಣದ್ದಾ? ಮೊದ್ಲು ಅಂಗಿ ಹಾಕ್ಕೊಳ್ಳಿ, ಎಲ್ರೂ ನೋಡ್ತಿದ್ದಾರೆ" ಎಂದು ಆಕೆ ನಾಚುತ್ತಿದ್ದರು.

ಕಳೆದ ವರ್ಷ ಆಕೆ ತೀರಿಕೊಂಡರು. ಎಷ್ಟೋ ದಿನಗಳ ಮೇಲೆ ಅವರು ಒಬ್ಬರೇ ಬಂದು, ಎಂದಿನಂತೆ ಅಂಗಿ ಬಿಚ್ಚಿ ಗುಂಡು ಹಾರಿಸಿದರು. ಆ ಸದ್ದಿಗೆ ನಾವೆಲ್ಲ ಬೆಚ್ಚಿಬಿದ್ದೆವು. ಹೆಗಲು ಕೆಂಪಗೆ ಬಾತುಕೊಂಡಿತ್ತು. ನನಗೆ ಸಿಟ್ಟೇ ಬಂತು.

"ಇದೇನ್ ಸಾರ್, ಮದ್ದು ಕಮ್ಮಿ ಹಾಕ್ಲಿಲ್ವಾ?"

ಇನ್ನೊಂದು ತೋಟಾವನ್ನು ರೈಫಲ್ಲಿಗೆ ಹಾಕುತ್ತ ಅವರು ಹೇಳಿದರು: "ಯಾರಿಗೋಸ್ಕರ ಕಮ್ಮಿ ಹಾಕ್ಲಿ ಮಾರಾಯ?"