ಮೆಣಸಿನಕಾಯಿ ಬಿಟ್ಟ ಲೈನ್‌ಮ್ಯಾನ್

ನನ್ನ ಗಂಡನ ಹೆಸರು ಉಚ್ಚಂಗಪ್ಪ. ಬದುಕಿದ್ದಾಗ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಈಗ ಬರೆಯುತ್ತಿದ್ದೇನೆ. ಇಪ್ಪತ್ತಾರು ವರ್ಷ ಕರೆಂಟಿನ ಕಂಬ ಹತ್ತಿದರು. ಮನೆ ಶಿಕಾರಿಪುರದಲ್ಲಿ, ಕೆಲಸ ಸೊರಬದಲ್ಲಿ. ಒಂದು ವರ್ಷದ ಹರಕೆ ಹೊತ್ತರು, ಹತ್ತು ತಿಂಗಳು ಬದುಕಿದರು.

ಕುಡಿಯುತ್ತಿರಲಿಲ್ಲ. ಎಲೆಅಡಿಕೆಯೂ ಇಲ್ಲ. ಇದ್ದದ್ದು ಒಂದೇ ಚಟ, ಮೆಣಸಿನಕಾಯಿ ಬಜ್ಜಿ. ಸಂಜೆ ಬಸ್ಸಿಳಿದರೆ ಕಾಲು ತಾನಾಗಿಯೇ ಮಂಡಕ್ಕಿ ಗಾಡಿಯ ಕಡೆ ತಿರುಗುತ್ತಿತ್ತು. ಒಂದು ಪ್ಲೇಟು ಮಂಡಕ್ಕಿ, ಐದು ಮೆಣಸಿನಕಾಯಿ. ಮಳೆ ಬಂದರೆ ಏಳು. ಮನೆಗೆ ಬಂದಾಗ ಅಂಗಿಗೆಲ್ಲ ಕರಿದ ವಾಸನೆ. ಊಟಕ್ಕೆ ಕೂತರೆ, “ಯಾಕೋ ಹಸಿವಿಲ್ಲ” ಅನ್ನುವರು. ನಾನು ಬೈಯುತ್ತಿದ್ದೆ.

ಹೊಟ್ಟೆ ಬಂತು. ಪ್ಯಾಂಟು ಹೊಲಿಸಿದ್ದೇ ಹೊಲಿಸಿದ್ದು. ಒಂದು ದಿನ ಸೊರಬದ ಹತ್ತಿರದ ಹಳ್ಳಿಯಲ್ಲಿ ಕಂಬ ಹತ್ತಿದ್ದರು. ಅರ್ಧಕ್ಕೆ ನಿಂತರು. ಸೊಂಟದ ಬೆಲ್ಟು ಕಂಬ ಸುತ್ತಿ ಬಂದು ಕೊಕ್ಕೆಗೆ ಸಿಗಲಿಲ್ಲ. ಕೆಳಗೆ ನಿಂತಿದ್ದ ಮಲ್ಲೇಶಪ್ಪ ಅನ್ನುವ ರೈತ ಕೂಗಿದನಂತೆ, “ಇಳೀರಿ ಮಾರಾಯ್ರೆ! ಕಂಬ ಹೊಸಾದು. ಬಗ್ಗಿದ್ರೆ ಇನ್ನೊಂದು ಬರಾಕೆ ನಮ್ಮ ಮೊಮ್ಮಕ್ಕಳ ಕಾಲ ಆಗ್ತೈತೆ!”

ಎಲ್ಲರೂ ನಕ್ಕರು. ಇವರೂ ನಗುತ್ತಾ ಇಳಿದರು. ಜೊತೆಗಿದ್ದ ಲೈನ್‌ಮ್ಯಾನ್ ಸುರೇಂದ್ರ ಹತ್ತಿ ಕೆಲಸ ಮುಗಿಸಿದರು. ನಾಳೆಯಿಂದ ನೀನು ಕೆಳಗೆ ನಿಂತು ಹಗ್ಗ ಹಿಡಿ ಅಂದರು ಮೇಲಧಿಕಾರಿಗಳು.

ಅವತ್ತು ಮನೆಗೆ ಬಂದು ನಗಲಿಲ್ಲ. “ಕೆಳಗೆ ನಿಂತ್ರೆ ನನಗೇನ್ ಕಾಣ್ತೈತೆ?” ಅಂದರು.

ಮೇಲಿಂದ ಏನು ಕಾಣುತ್ತದೆ ಅಂತ ಅವರು ಎಷ್ಟೋ ಸಲ ಹೇಳಿದ್ದರು. ಬೆಳಿಗ್ಗೆ ಗದ್ದೆಯ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಕೂತಿರುತ್ತದೆ. ಬಿಸಿಲು ಕಂಬದ ತುದಿಗೆ ಮಾತ್ರ ಬಂದಿರುತ್ತದೆ. ಕೆಳಗಿನವರ ಮಾತು ನೀರೊಳಗಿಂದ ಬಂದ ಹಾಗೆ ಕೇಳುತ್ತದೆ. ಬೆಳ್ಳಕ್ಕಿ ಕಣ್ಣೆದುರಿಗೇ ಹಾದು ಹೋಗುತ್ತದೆ, ರೆಕ್ಕೆಯ ಗಾಳಿ ಮುಖಕ್ಕೆ ಬಡಿಯುತ್ತದೆ. ಅಲ್ಲಿ ನಿಂತರೆ ತನ್ನ ಹೆಸರೂ ಮರೆತು ಹೋಗುತ್ತದೆ ಅನ್ನುತ್ತಿದ್ದರು. ನನಗೆ ಅದು ಗೊತ್ತಿಲ್ಲ. ನನಗೆ ಸ್ಟೂಲು ಹತ್ತಿದರೂ ತಲೆ ತಿರುಗುತ್ತದೆ.

ಯುಗಾದಿಯ ದಿನ ನಮ್ಮೂರ ದೇವರು ಹುಚ್ಚರಾಯಸ್ವಾಮಿ ಮುಂದೆ ನಿಂತು ಹರಕೆ ಹೊತ್ತರು. ಬರುವ ಯುಗಾದಿಯವರೆಗೆ ಕರಿದದ್ದು ಬಾಯಿಗೆ ಹಾಕುವುದಿಲ್ಲ.

“ಪೂರಿನೂ ಇಲ್ವಾ?” ಅಂದೆ.

“ಇಲ್ಲ.”

“ಹಪ್ಪಳ?”

“ಕರಿದಿದ್ದು ಅಂದ್ಮೇಲೆ ಅದೂ ಬಂತಲ್ಲೇ.”

“ಸುಟ್ಟು ಕೊಡ್ಲಾ?”

ಗುಡಿಯ ಕಡೆ ಒಂದು ಸಲ ತಿರುಗಿ ನೋಡಿದರು. “ಸುಟ್ಟಿದ್ದು ಆಗ್ತೈತೆ.”

ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯಲು ಶುರು ಮಾಡಿದರು. ಮೊದಲ ತಿಂಗಳು ಮನೆಯಲ್ಲಿ ಎಲ್ಲದಕ್ಕೂ ಸಿಟ್ಟು. ಭಾನುವಾರ ಮಧ್ಯಾಹ್ನ ಮಲಗಿದರೆ ನಿದ್ದೆಯಲ್ಲೇ ಬಾಯಾಡಿಸುವರು. ಎದ್ದು, “ತಿಂದ್‌ಬಿಟ್ಟೆ ಕಣೇ” ಅಂತ ಹೆದರಿ ಕೂರುವರು. ಕನಸಲ್ಲಿ ತಿಂದದ್ದು ಲೆಕ್ಕಕ್ಕಿಲ್ಲ ಅಂತ ನಾನೇ ಸಮಾಧಾನ ಹೇಳುತ್ತಿದ್ದೆ. ಆ ಕನಸುಗಳಲ್ಲಿ ಬಾಣಲೆ ಕೆರೆಯಷ್ಟು ಅಗಲ ಇರುತ್ತಿತ್ತಂತೆ. ಮೆಣಸಿನಕಾಯಿ ಬಾತುಕೋಳಿಯ ಹಾಗೆ ಸಾಲಾಗಿ ತೇಲಿ ಬರುತ್ತಿದ್ದವಂತೆ.

ಒಂದು ಸಂತೆ ದಿನ ಸೊರಬದಲ್ಲಿ ಗಣೇಶ್ ಅನ್ನುವವರ ಬಜ್ಜಿ ಅಂಗಡಿಗೆ ಕರೆಂಟು ಹೋಗಿತ್ತು. ಇವರು ಹೋಗಿ ಸರಿ ಮಾಡಿದರು. ಗಣೇಶ್ ಬಾಣಲೆಯಿಂದ ಆಗ ತಾನೇ ತೆಗೆದದ್ದನ್ನು ಪೇಪರಿಗೆ ಹಾಕಿ ಕೊಟ್ಟರು.

“ನನಗೆ ಹರಕೆ ಐತ್ರೀ.”

“ಹರಕೆ ಹೊತ್ತ ದೇವ್ರು ಶಿಕಾರಿಪುರದಾಗಿದಾನೆ. ಇದು ಸೊರಬ ಮಾರಾಯ್ರೆ. ತಿನ್ನಿ, ಅವನಿಗೆಲ್ಲಿ ಕಾಣ್ತೈತೆ?”

“ಕಂಬ ಹತ್ತಿದ್ರೆ ನನಗೇ ನಾಕೂರು ಕಾಣ್ತಾವೆ. ಅವನಿಗೆ ಕಾಣಲ್ವಾ?”

ತಿನ್ನಲಿಲ್ಲ. ಕೊಟ್ಟವರ ಮನಸ್ಸು ನೋಯಬಾರದೆಂದು ಆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಶಿರಾಳಕೊಪ್ಪ ದಾಟುವಷ್ಟರಲ್ಲಿ ಎಣ್ಣೆ ಪ್ಯಾಂಟಿಗೆ ಇಳಿದಿತ್ತು. ನನ್ನ ಮುಂದೆ ಇಟ್ಟು, “ತಿನ್ನು” ಅಂದರು.

“ನೀವು ಹಿಂಗ್ ನೋಡ್ತಾ ಕೂತ್ರೆ ಹೆಂಗ್ರೀ ತಿನ್ನೋದು?”

“ತಿಂದು ಹೇಳು. ಹೆಂಗೈತೆ?”

“ಚೆನ್ನಾಗೈತೆ.”

“ಹಂಗಲ್ಲ. ಮೊದ್ಲು ಹಲ್ಲಿಗೆ ಏನ್ ಸಿಕ್ತು?”

ಹೇಳಿದೆ. ಮೇಲೆ ಸ್ವಲ್ಪ ಮೆತ್ತಗಾಗಿದೆ, ಅಂಚು ಇನ್ನೂ ಗರಿಗರಿ. ಓಮಿನ ಕಾಳು ಸಿಕ್ಕಿತು. ಈಗ ಖಾರ. ಈಗ ಕಣ್ಣಲ್ಲಿ ನೀರು. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಕೇಳಿದರು. ಕಿಟಕಿಯಿಂದ ಸಂಜೆ ಬಿಸಿಲು ಅವರ ಮೊಣಕಾಲಿನ ಮೇಲೆ ಬಿದ್ದಿತ್ತು. ಮೂರು ತಿನ್ನುವಷ್ಟರಲ್ಲಿ ಬಿಸಿಲು ಎದೆಗೆ ಬಂದಿತ್ತು. “ಸಾಕು, ಹೊಟ್ಟೆ ತುಂಬ್ತು” ಅಂದರು.

ದೀಪಾವಳಿಯ ಹೊತ್ತಿಗೆ ಒಂದು ಸಂಜೆ ಬಾಗಿಲಲ್ಲೇ ನಿಂತು, “ಸಿಕ್ತು” ಅಂದರು. ಬೆಲ್ಟು ಕೊಕ್ಕೆಗೆ ಸಿಕ್ಕಿತ್ತು. ತುದಿಯವರೆಗೆ ಹತ್ತಿದ್ದರು. ಆಮೇಲೆ ದಿನಾ ಹತ್ತಿದರು. ಆ ಮೂರು ತಿಂಗಳು ಅವರ ಮುಖ ನೋಡಬೇಕಿತ್ತು.

ಸಂಕ್ರಾಂತಿ ಆಗಿ ಸ್ವಲ್ಪ ದಿನಕ್ಕೆ ಜ್ವರ ಬಂತು. ಒಂಬತ್ತು ದಿನ ಇತ್ತು. ಹತ್ತನೇ ದಿನ ಅವರಿರಲಿಲ್ಲ. ಹರಕೆಗೆ ಇನ್ನೆರಡು ತಿಂಗಳು ಉಳಿದಿತ್ತು.

ಹನ್ನೊಂದನೇ ದಿನದ ಕಾರ್ಯಕ್ಕೆ ಅವರ ಅಕ್ಕ ಶೇಷಮ್ಮ ತೊಗರ್ಸಿಯಿಂದ ಬಂದರು. ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡಬೇಕು. ಅತ್ತಿಗೆ ಬಂದವರೇ ಕಡಲೆಹಿಟ್ಟು ಎಲ್ಲಿ ಅಂದರು.

“ಬ್ಯಾಡ ಅತ್ತಿಗೆ. ಹರಕೆ ಮುಗ್ದಿಲ್ಲ.”

“ಸತ್ತೋನಿಗೆ ಎಂಥಾ ಹರಕೆನೇ?”

“ಸತ್ರೆ ಮುಗೀತು ಅಂತ ಅವರು ದೇವರ ಮುಂದೆ ಹೇಳಿರಲಿಲ್ಲ.”

“ಎಡೆನಾಗೆ ಅದಿಲ್ದಿದ್ರೆ ನನ್ನ ತಮ್ಮ ಹಸ್ಕೊಂಡು ಹೋಗ್ತಾನೆ.”

“ಹತ್ತು ತಿಂಗಳು ತಡಕಂಡಾರೆ. ಎರಡು ತಿಂಗಳು ತಡೀತಾರೆ. ಉಳಿದಿದ್ದು ನಾನು ನಡೆಸ್ತೀನಿ.”

ಅತ್ತಿಗೆ ಸಿಟ್ಟು ಮಾಡಿಕೊಂಡು ಊಟ ಬಿಟ್ಟು ಹೋದರು. ನಾನು ಬಗ್ಗಲಿಲ್ಲ. ಅಷ್ಟು ಕಷ್ಟಪಟ್ಟು ಕಾಪಾಡಿದ್ದನ್ನು ಅರ್ಧಕ್ಕೆ ಮುರಿಯಲು ನನಗೆ ಮನಸ್ಸಾಗಲಿಲ್ಲ.

ಎರಡು ತಿಂಗಳು ಅಂದರೆ ಏನು ಮಹಾ ಅಂದುಕೊಂಡಿದ್ದೆ. ಅವರು ಹೇಗೆ ಹತ್ತು ತಿಂಗಳು ತಡೆದರು ಅಂತ ಆಗ ಗೊತ್ತಾಯಿತು. ಪಕ್ಕದ ಮನೆಯವರು ಚಕ್ಕುಲಿ ಕರಿದರೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಸಂಜೆ ಬಸ್‌ಸ್ಟ್ಯಾಂಡಿನ ಕಡೆ ಹೋದರೆ ಬಾಣಲೆಯ ಚುರ್ ಸದ್ದು ಕೇಳಿ ಅಲ್ಲೇ ನಿಲ್ಲುತ್ತಿದ್ದೆ. ಗಾಡಿಯ ಹೊಗೆಯಲ್ಲಿ ನಿಂತವರ ಬೆನ್ನೆಲ್ಲ ಅವರ ಬೆನ್ನಿನ ಹಾಗೆ ಕಾಣುತ್ತಿತ್ತು. ನನ್ನ ಆಸೆ ಬಜ್ಜಿಯ ಮೇಲೋ ಅವರ ಮೇಲೋ ನನಗೇ ತಿಳಿಯುತ್ತಿರಲಿಲ್ಲ. ಒಂದನ್ನೂ ತಿನ್ನದೆ ಬರುತ್ತಿದ್ದೆ.

ಯುಗಾದಿ ಬಂತು. ಗುಡಿಗೆ ಹೋಗಿ ಕಾಯಿ ಒಡೆಸಿದೆ. “ಉಚ್ಚಂಗಪ್ಪನ ಹರಕೆ ಮುಗೀತು” ಅಂತ ಜೋರಾಗಿಯೇ ಹೇಳಿದೆ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ. ಬೇಡವೆಂದವಳು ನಾನೇ, ನಾನೇ ಫೋನ್ ಮಾಡಿ ಅತ್ತಿಗೆಯನ್ನು ಕರೆದೆ. ಬಂದರು. ಇಬ್ಬರೂ ಸೇರಿ ಮಾಡಿದೆವು. ಎಡೆಗೆ ಮಾಡುವಾಗ ರುಚಿ ನೋಡುವಂತಿಲ್ಲ. ಹಿರಿಯರು ಉಂಡ ಮೇಲೇ ನಾವು. ಫೋಟೋ ಮುಂದೆ ಬಾಳೆ ಎಲೆ ಹಾಕಿ, ಅನ್ನ, ಸಾರು, ಕಡುಬು ಬಡಿಸಿ, ಐದು ಮೆಣಸಿನಕಾಯಿ ಇಟ್ಟೆ. ಧೂಪ ಹಾಕಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಇಬ್ಬರೂ ಜಗಲಿಯಲ್ಲಿ ಕೂತೆವು. ಒಳಗೆ ಸದ್ದಿಲ್ಲ. ಬಾಗಿಲ ಸಂದಿನಿಂದ ಧೂಪದ ಹೊಗೆ ಬಂದು ಅಂಗಳದ ಬಿಸಿಲಿನಲ್ಲಿ ನಿಧಾನ ಸುತ್ತುತ್ತಿತ್ತು. ಎಷ್ಟು ಹೊತ್ತು ಕೂತೆವೋ. ಒಳಗೆ ಯಾರೋ ನಿಧಾನವಾಗಿ, ಚಪ್ಪರಿಸಿ, ಯಾವ ಅವಸರವೂ ಇಲ್ಲದೆ ಉಣ್ಣುತ್ತಿದ್ದಾರೆ ಅನ್ನಿಸಿತು.

ಬಾಗಿಲು ತೆಗೆದು ಅತ್ತಿಗೆ ಎಡೆಯಿಂದ ಒಂದು ಮೆಣಸಿನಕಾಯಿ ತೆಗೆದು ಕಚ್ಚಿದರು. ನನ್ನ ಮುಖ ನೋಡಿದರು.

“ಉಪ್ಪೇ ಇಲ್ವಲ್ಲೇ.”

ನಾನೂ ಕಚ್ಚಿದೆ. ಉಪ್ಪಿರಲಿಲ್ಲ. ಹಿಟ್ಟು ಕಲಸಿದವಳು ನಾನು.

ಅತ್ತಿಗೆ ಫೋಟೋ ಕಡೆ ತಿರುಗಿ, “ಅಯ್ಯೋ ತಮ್ಮಾ, ವರ್ಷಗಟ್ಲೆ ಕಾದು ಸಪ್ಪೆ ಬಜ್ಜಿ ತಿಂದ್ಯಲ್ಲೋ!” ಅಂದರು. ನಕ್ಕರು. ನಗುನಗುತ್ತಲೇ ಅತ್ತರು. ನಾನು ಎದ್ದು ಅಡುಗೆಮನೆಗೆ ಹೋದೆ.

“ಎರಡು ಸಲ ಎಡೆ ಇಡೋ ಪದ್ಧತಿ ನಮ್ಮಾಗಿಲ್ಲ ಕಣೇ.”

“ಇಲ್ದಿದ್ರೆ ಇಲ್ಲ.”

ಉಳಿದ ಹಿಟ್ಟಿಗೆ ಉಪ್ಪು ಹಾಕಿ ಕಲಸಿದೆ. ಒಂದು ಬೊಟ್ಟು ನಾಲಿಗೆಗೆ ಹಚ್ಚಿ ನೋಡಿದೆ. ಸರಿಯಾಗಿತ್ತು. ಒಲೆ ಹಚ್ಚಿದೆ.