ಹೋಗುವಾಗ ಎಡಗಡೆ, ಬರುವಾಗ ಬಲಗಡೆ

ವಿಮಾನದ ಟಿಕೆಟ್ ತೆಗೆಯುವ ಮುನ್ನ ನಮ್ಮ ಬಂಧುಗಳೆಲ್ಲ ವೈಯಾಲಿಕಾವಲ್‌ನ ಒಂದು ತಾರಸಿಯ ಮೇಲೆ ರೆಕ್ಕೆಯಂತೆ ಕೈ ಚಾಚಿ ನಿಂತವರೇ. ಹಾಗೆ ನಿಲ್ಲಿಸುತ್ತಿದ್ದವರು ನನ್ನ ಸೋದರಮಾವ, ನಾಣಿ ಮಾಮ. ದೆಹಲಿಗಾದರೆ ಉತ್ತರಕ್ಕೆ ಮುಖ, ಮಂಗಳೂರಿಗಾದರೆ ಪಶ್ಚಿಮಕ್ಕೆ. ವಿಮಾನ ಹೊರಡುವ ಹೊತ್ತಿಗೇ ಸರಿಯಾಗಿ ಬರಬೇಕು. "ಬಿಸಿಲು ಯಾವ ಕೆನ್ನೆಗೆ ಬೀಳ್ತಿದೆ? ಆ ಕಡೆ ಕಿಟಕಿ ಬೇಡ, ಕಣ್ಣು ಕುಕ್ಕತ್ತೆ. ರೆಕ್ಕೆ ಮೇಲೂ ಬೇಡ. ಹಿಂದೆ ಹೋಗಿ ಕೂತ್ಕೊಳ್ಳಿ."

ಕೆಳಗಿಳಿದ ಮೇಲೆ ಕಾಫಿ, ಜೊತೆಗೊಂದು ಕರಾರು: ಪ್ರಯಾಣ ಮುಗಿಸಿದವರು ಕಿಟಕಿಯಲ್ಲಿ ಕಂಡದ್ದನ್ನು ಮಾಮನಿಗೆ ಬಂದು ಹೇಳಬೇಕು. ಅವರು ಒಮ್ಮೆಯೂ ವಿಮಾನ ಹತ್ತಿದವರಲ್ಲ. ಎಡಗಿವಿಯ ಆಪರೇಷನ್ ಆಗಿ ಅದು ಕೇಳಿಸದಂತಾದಾಗಿನಿಂದ ಡಾಕ್ಟರು ಬೇಡವೆಂದಿದ್ದರು.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಈ ಶಾಸ್ತ್ರವನ್ನು ಸುಮ್ಮನೆ ಒಪ್ಪುವುದುಂಟೇ? ಪೈಲಟ್ ದಾರಿ ಬದಲಿಸಿದರೆ? ಮೋಡ ಕವಿದರೆ? ಮಾಮ ಬಗ್ಗುತ್ತಿರಲಿಲ್ಲ. "ಮೋಡಕ್ಕೆ ನಾನು ಜವಾಬ್ದಾರನಲ್ಲ ಕಣೇ. ಯಾವ ಕಡೆ ಅನ್ನೋದಕ್ಕೆ ಮಾತ್ರ."

ಒಮ್ಮೆ ಪಕ್ಕದ ಮನೆಯಾಕೆ ಮಂಗಳೂರಿಗೆ ಹೋಗಿಬಂದು, ಬೆಂಗಳೂರು ಬಿಟ್ಟ ಕೂಡಲೇ ಸಮುದ್ರ ಕಂಡಿತೆಂದು ಬಾಯ್ತುಂಬ ಬಣ್ಣಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಮ ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿ, ಅಲೆ ಹೇಗಿತ್ತೆಂದು ಕೇಳಿದರು. ಆಕೆ ಹೋದ ಮೇಲೆ ನನ್ನತ್ತ ತಿರುಗಿ, "ಪಾಪ, ನಿದ್ದೆ ಮಾಡ್ಬಿಟ್ಟಿದಾರೆ. ನಂಗೆ ಬೇಜಾರಾಗ್ಬಾರ್ದು ಅಂತ ಹೇಳ್ತಾರೆ. ಎಲ್ಲರೂ ಹಾಗೇ. ನೀನಾದ್ರೆ ಹಾಗೆ ಹೇಳಲ್ಲ. ನೀನು ಯಾವಾಗ ಹೋಗ್ತೀಯಾ?" ಎಂದರು.

ಈ ವರ್ಷ ಹೋದೆ. ಸ್ಪರ್ಧೆಯೊಂದಕ್ಕೆ, ದೆಹಲಿಯಿಂದ ಹಿಮಾಲಯದ ತಪ್ಪಲಿನ ಬಾಗ್ಡೋಗ್ರಾಕ್ಕೆ. ಮಾಮನಿಗೆ ಆಗಲೇ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಹಾಸಿಗೆಯ ಪಕ್ಕದಲ್ಲೇ ನನ್ನನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿದರು. "ಎಡಗೈ ಎತ್ತು. ಅಲ್ಲಿ ಹಿಮಾಲಯ. ಬರೋವಾಗ ಬಲಗಡೆ. ಅದೇ ಸೀಟ್ ನಂಬರ್ ತಗೊಂಡು ಬರೀ ಬಯಲು ನೋಡ್ಕೊಂಡು ಬರ್ಬೇಡ."

ಹೋಗುವಾಗ ದಾರಿಯುದ್ದಕ್ಕೂ ಮೋಡ. ಇಳಿದು ಫೋನ್ ಮಾಡಿದರೆ ಮಾಮನನ್ನು ಆಸ್ಪತ್ರೆಗೆ ಸೇರಿಸಿದ್ದರು. ಕಾಣಿಸಿತು ಅಂತ ಹೇಳಿಬಿಡು ಎಂದು ಅತ್ತೆ ಪಿಸುಗುಟ್ಟಿ, ಫೋನನ್ನು ಅವರ ಕಿವಿಗಿಟ್ಟರು. ನನ್ನಿಂದಾಗಲಿಲ್ಲ.

"ಏನೂ ಕಾಣಲಿಲ್ಲ ಮಾಮ. ಬರೀ ಮೋಡ."

"ಸರಿ. ಬರೋವಾಗ ನೋಡು. ಕಾಯ್ತೀನಿ."

ಬರುವಾಗ ಕಂಡಿತು. ಬಲಗಡೆ, ಮೋಡಗಳನ್ನು ಮೀರಿ, ಎಲ್ಲೂ ಕಡಿಯದೆ. ಹಿಮದ ಮೇಲಿನ ನೆರಳು ನೀಲಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಗಾಜಿಗೆ ಹಣೆಯೊತ್ತಿ ಒಂದೊಂದು ಶಿಖರವನ್ನೂ ಬಾಯಿಪಾಠ ಮಾಡಿಕೊಂಡೆ.

ಏರ್‌ಪೋರ್ಟಿನಿಂದ ನೇರ ಆಸ್ಪತ್ರೆಗೆ ಹೋದೆ. ಮಾಮನಿಗೆ ಪ್ರಜ್ಞೆ ಇರಲಿಲ್ಲ. ಮಂಚದ ಬಲಕ್ಕೆ ಕೂತು, ಕೇಳಿಸುವ ಕಿವಿಗೆ ಬಗ್ಗಿ, ಎಲ್ಲವನ್ನೂ ಹೇಳಿದೆ. ನೀಲಿ ನೆರಳನ್ನು ಎರಡು ಸಲ ಹೇಳಿದೆ. ಮಾರನೆಯ ದಿನ ಹೋಗಿಬಿಟ್ಟರು.

ನಾನು ಹೇಳುತ್ತಿದ್ದಾಗ ಅವರ ಎಡಗಣ್ಣಿನ ರೆಪ್ಪೆ ಅಲುಗಿತು ಎನ್ನುತ್ತಾರೆ ಅತ್ತೆ. ಅತ್ತೆ ಮಂಚದ ಎಡಗಡೆ ಕೂತಿದ್ದರು. ನಾನಿದ್ದ ಕಡೆಯಿಂದ ಅದು ಕಾಣುವಂತಿರಲಿಲ್ಲ. ಹೋದಾಗಲೆಲ್ಲ ಅತ್ತೆ ಅದನ್ನೇ ಹೇಳುತ್ತಾರೆ. ನಾನು ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸುತ್ತೇನೆ.