ಲೆಕ್ಕಕ್ಕಿಲ್ಲದ ಮಾರ್ತಾ ಆಂಟಿ

ಬೇಸಿಗೆ ರಜೆ ಬಂತೆಂದರೆ ಕಾಮಾಕ್ಷಿಪಾಳ್ಯದ ನಮ್ಮ ಅಡ್ಡರಸ್ತೆ ಪೂರ್ತಿ ಮಕ್ಕಳದೇ ಆಗಿದ್ದ ಕಾಲ ಅದು. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ನನಗೆ ಏಳು ವರ್ಷ. ಕಲ್ಲಿನಂಗಡಿಯವರು ಎಸೆದ ಕಡಪ ಕಲ್ಲಿನ ಏಳು ಚೂರು, ಅಮ್ಮ ಗಾರ್ಮೆಂಟ್ಸಿನಿಂದ ತಂದ ಬಟ್ಟೆಚೂರು ತುಂಬಿ ಹೊಲಿದ ಚೆಂಡು. ಲಗೋರಿಗೆ ಇನ್ನೇನು ಬೇಕು? ಬೆಳಿಗ್ಗೆ ಹೊಸ ಬಟ್ಟೆಯ ವಾಸನೆಯಿದ್ದ ಚೆಂಡು ಸಂಜೆಗೆ ಮಣ್ಣು, ಬೆವರು, ಉಪ್ಪುಖಾರ ಹಚ್ಚಿದ ಮಾವಿನಕಾಯಿ ಎಲ್ಲ ಸೇರಿ ನಾರುತ್ತಿತ್ತು.

ನನ್ನ ಸಂಕಟ ಒಂದೇ. ಎಲ್ಲರಿಗಿಂತ ಚಿಕ್ಕವಳಾದ್ದರಿಂದ ನಾನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಚೆಂಡು ಬೆನ್ನಿಗೆ ಫಟ್ಟೆಂದು ಬಡಿದರೂ ಔಟಲ್ಲ, ನಾನು ಕಲ್ಲು ಜೋಡಿಸಿದರೂ ಗೆಲುವಲ್ಲ. ಒಂದೇ ಒಂದು ಸಲ ಸರಿಯಾಗಿ ಔಟಾಗಬೇಕು ಅಂತ ದೇವರಿಗೆ ಹರಕೆ ಹೊತ್ತಿದ್ದೆ.

ಆ ರಜೆಯಲ್ಲೇ ನಮ್ಮ ಮನೆಯ ಮಹಡಿ ರೂಮಿಗೆ ಬಾಡಿಗೆಗೆ ಬಂದವರು ಮಾರ್ತಾ ಆಂಟಿ. ಪೋಲೆಂಡಿನವರು. ತಮ್ಮ ಭಾಷೆಯಲ್ಲಿ ಎರಡು ಕಾದಂಬರಿ ಬರೆದು, ಆಮೇಲೆ ಇಲ್ಲಿಗೇ ಬಂದು ನೆಲೆಸಿ ಕನ್ನಡ ಕಲಿತಿದ್ದರು. ಈಗ ಕನ್ನಡದ ಕಾದಂಬರಿಯೊಂದನ್ನು ಪೋಲಿಷ್‌ಗೆ ಅನುವಾದ ಮಾಡುತ್ತಿದ್ದರು. ಪುಸ್ತಕದಲ್ಲಿ ಏನು ಬಂದರೂ ಮೊದಲು ತಾವು ಮಾಡಿ ನೋಡಿ ಆಮೇಲೇ ಬರೆಯುವುದು ಅವರ ಪದ್ಧತಿ. ಚಟ್ನಿ ರುಬ್ಬುವ ಪುಟ ಬಂದಾಗ ಅಜ್ಜಿಯ ಒರಳಿನ ಮುಂದೆ ಕೂತು ಬೆರಳು ಜಜ್ಜಿಕೊಂಡಿದ್ದರು. ಈಗ ಲಗೋರಿಯ ಪುಟ ಬಂದಿತ್ತು.

“ಈ ಆಟವನ್ನು ನಾನು ಕಲಿಯಬೇಕಾಗಿದೆ,” ಅಂದರು, ಅಚ್ಚ ಪುಸ್ತಕದ ಕನ್ನಡದಲ್ಲಿ.

ನಮ್ಮ ಲೀಡರ್ ಮಂಜಣ್ಣ ಅವರನ್ನು ಮೇಲಿಂದ ಕೆಳಗಿನ ತನಕ ನೋಡಿದ. “ಸೇರ್ಕೊಳ್ಳಿ ಆಂಟಿ. ಆದ್ರೆ ನೀವು ಲೆಕ್ಕಕ್ಕಿಲ್ಲ. ಅಂಥೋರು ಟೀಮಿಗೆ ಒಬ್ರೇ ಇರ್ಬೇಕು. ಲೇ ಪುಟ್ಟಿ, ಇವತ್ತಿಂದ ನೀನು ಲೆಕ್ಕಕ್ಕೆ ಕಣೇ!”

ಮೊದಲನೇ ಚೆಂಡಿಗೇ ಔಟಾದೆ. ಖುಷಿಯಿಂದ ಕುಣಿದೆ. “ಔಟಾದ್ರೆ ಯಾರಾದ್ರೂ ಕುಣೀತಾರೇನೇ?” ಅಂತ ಮಂಜಣ್ಣ ತಲೆಗೆ ಮೊಟಕಿದ.

ಒಂದು ವಾರವಾಗಿತ್ತು. ಆಂಟಿ ನನ್ನನ್ನು ಟೆರೇಸಿಗೆ ಕರೆದು, ಗುರಿಯಿಟ್ಟು ಎಸೆಯುವುದನ್ನು ಹೇಳಿಕೊಡು ಅಂದರು. ಇವರಿಗೆ ಆಟ ಬಂದುಬಿಟ್ಟರೆ ಇವರು ಲೆಕ್ಕಕ್ಕೆ, ನಾನು ಮತ್ತೆ ಹಳೇ ಜಾಗಕ್ಕೆ!

“ಎರಡೂ ಕಣ್ಣು ಮುಚ್ಕೊಂಡು ಎಸೀಬೇಕು ಆಂಟಿ.”

ಅವರು ಶ್ರದ್ಧೆಯಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅವತ್ತು ಅವರೆಸೆದ ಚೆಂಡು ಪಕ್ಕದ ಮನೆಯವರು ಒಣಗಿಸಿದ್ದ ಹಪ್ಪಳದ ಮೇಲೆ ಬಿತ್ತು.

ರಜೆಯ ಕೊನೆಗೆ ಆಂಟಿ ಬರೆದ ಪುಟಗಳನ್ನು ಅಂಚೆಗೆ ಹಾಕಲು ಹೊರಟಾಗ ನನಗೆ ಹೊಸ ಚಿಂತೆ ಶುರುವಾಯಿತು. ಪೋಲೆಂಡಿನ ಮಕ್ಕಳೆಲ್ಲ ಕಣ್ಣು ಮುಚ್ಚಿ ಲಗೋರಿ ಆಡಿ ತಲೆ ಒಡೆದುಕೊಂಡರೆ? ಅಳುತ್ತಾ ಎಲ್ಲ ಒಪ್ಪಿಕೊಂಡೆ.

ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ನನಗೆ ಅವತ್ತೇ ಗೊತ್ತಿತ್ತು, ಪುಟ್ಟಿ. ಆದರೆ ಲೆಕ್ಕಕ್ಕಿಲ್ಲದಿರುವುದೇ ನನಗೆ ಬಹಳ ಇಷ್ಟವಾಯಿತು. ನಮ್ಮ ಊರಿನಲ್ಲಿ ಆಟ ಬಾರದವರು ಹೊರಗೆ ನಿಂತು ನೋಡಬೇಕು. ನೀವು ಒಳಗೆ ಕರೆದಿರಿ. ಅದಕ್ಕೆ ನಮ್ಮ ಭಾಷೆಯಲ್ಲಿ ಮಾತೇ ಇಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ.”

ನನಗೆ ಏನೂ ಅರ್ಥವಾಗಲಿಲ್ಲ. ಬೈಯಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ಮೂಗೊರೆಸಿಕೊಂಡು ಆಟಕ್ಕೆ ಓಡಿದೆ.

ಈಗ ಆ ರಸ್ತೆಯ ಎರಡೂ ಬದಿಗೆ ಗಾಡಿಗಳು ನಿಂತಿರುತ್ತವೆ, ಲಗೋರಿಯ ಏಳು ಕಲ್ಲಿಗೂ ಜಾಗವಿಲ್ಲ. ನಾನಿರುವುದು ಅನ್ನಪೂರ್ಣೇಶ್ವರಿ ನಗರದ ಅಪಾರ್ಟ್‌ಮೆಂಟಿನಲ್ಲಿ. ಮೊನ್ನೆ ನನ್ನ ನಾಲ್ಕು ವರ್ಷದ ಮಗ ಪ್ಲಾಸ್ಟಿಕ್ ಬ್ಯಾಟು ಹಿಡಿದು ದೊಡ್ಡ ಹುಡುಗರ ಕ್ರಿಕೆಟ್ ನೋಡುತ್ತಾ ಗೋಡೆಗಂಟಿ ನಿಂತಿದ್ದ. ನಾನೇ ಆ ಹುಡುಗರ ಹತ್ತಿರ ಹೋದೆ.

“ಇವನ್ನೂ ಸೇರಿಸ್ಕೊಳ್ರಪ್ಪಾ.”

“ಟೀಮ್ ಫುಲ್ ಆಂಟಿ. ಅವ್ನಿಗೆ ಆಡಕ್ಕೆ ಬರಲ್ಲ.”

“ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಇಟ್ಕೊಳ್ಳಿ.”

ಹುಡುಗರು ಮುಖ ಮುಖ ನೋಡಿಕೊಂಡರು. “ಹಂಗಂದ್ರೇನು ಆಂಟಿ?”

ಕೇಳಿದ್ದು ಕನ್ನಡದಲ್ಲೇ. ಹೇಳಲು ಬಾಯಿ ತೆರೆದೆ, ಮಾತು ಸಿಗಲಿಲ್ಲ. ಕೊನೆಗೆ ದುಪಟ್ಟಾ ಬಿಗಿದು ಸೊಂಟಕ್ಕೆ ಕಟ್ಟಿ, ಮಗನ ಕೈ ಹಿಡಿದುಕೊಂಡು ನಾನೇ ಆಟದ ನಡುವೆ ಹೋಗಿ ನಿಂತೆ.